ನೆತ್ತಿ ತಟ್ಟಿದ ಕೈ

ಆಂಬುಲೆನ್ಸಿನ ಹಿಂದೆಯೇ ಒಂದು ಲಗೇಜ್ ಆಟೋ ಬಂದು ನಿಂತಿತು. ಆಂಬುಲೆನ್ಸಿನಲ್ಲಿ ಅಣ್ಣನಿದ್ದ. ಅವನಿಗೆ ಪ್ರಜ್ಞೆ ಇರಲಿಲ್ಲ. ಲಗೇಜ್ ಆಟೋದಲ್ಲಿ ತಮ್ಮನಿದ್ದ. ಅವನ ಕೈಗಳನ್ನು ತೆಂಗಿನ ನಾರಿನ ಹಗ್ಗದಿಂದ ಬೆನ್ನ ಹಿಂದೆ ಕಟ್ಟಿದ್ದರು. ಊರಿನ ಗಂಡಸರು ಅವನ ಕತ್ತಿನ ಪಟ್ಟಿ ಹಿಡಿದು ಕೆಳಕ್ಕೆ ಎಳೆದರು. ಕಾಲು ಸಿಕ್ಕಿಕೊಂಡು ಮುಖ ಅಡಿಯಾಗಿ ಬಿದ್ದ. ಬಿದ್ದವನ ಪಕ್ಕೆಗೆ ಒಬ್ಬ ಒದ್ದ.

"ಒಡಹುಟ್ಟಿದ ಅಣ್ಣನ ತಲೆ ಒಡ್ದವ್ನೆ, ನೋಡ್ರಿ ಈ ಮೂತೀನ," ಎಂದು ಒದ್ದವನೇ ನಮಗೆಲ್ಲ ಅವನ ಪರಿಚಯ ಹೇಳಿದ.

ಆಗ ನಾನು ತುಮಕೂರಿನಿಂದ ಕ್ಯಾತ್ಸಂದ್ರಕ್ಕೆ ಹೋಗುವ ರಸ್ತೆಯ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ. ತುರ್ತು ವಿಭಾಗದಲ್ಲಿ ಕೆಲಸ. ನಿಮ್ಮ ತಾತ ಹೋದ ಮೇಲೆ ಸೇರಿದ್ದು. ಅಲ್ಲಿ ಏನು ಮಾಡುತ್ತಿದ್ದೆ ಅಜ್ಜಿ ಎಂದು ನೀವು ಕೇಳುತ್ತಲೇ ಇರುತ್ತೀರಿ, ನಾನು ಒಲೆಯ ಕಡೆಗೆ ತಿರುಗಿಕೊಳ್ಳುತ್ತೇನೆ. ಎದುರಿಗೆ ಕೂತು ಮುಖ ನೋಡುವವರಿದ್ದರೆ ನನಗೆ ಮಾತು ಬರುವುದಿಲ್ಲ. ಬರೆಯುವಾಗ ಆ ತೊಂದರೆಯಿಲ್ಲ. ಆ ಒಂದು ಮಧ್ಯಾಹ್ನದ್ದನ್ನು ಬರೆಯುತ್ತೇನೆ, ಉಳಿದ ದಿನಗಳು ಬಹುಮಟ್ಟಿಗೆ ಬಟ್ಟೆ ಬದಲಾಯಿಸುವುದು, ನೆಲ ಒರೆಸುವುದು.

ಅಣ್ಣನನ್ನು ಒಳಗೆ ತಂದು ಹಾಸಿಗೆಗೆ ಹಾಕಿದೆವು. ದಪ್ಪ ಮೂಳೆಯ, ಐವತ್ತು ದಾಟಿದ ಮನುಷ್ಯ. ಉಸಿರು ಗೊರಗೊರ ಎನ್ನುತ್ತಿತ್ತು. ಬಾಯಿಯ ಒಂದು ಮೂಲೆಯಿಂದ ರಕ್ತ ಒಸರಿ ಗಡ್ಡದಲ್ಲಿ ಹೆಪ್ಪುಗಟ್ಟಿತ್ತು. ಚೇಳೂರಿನ ಆಚೆಯ ಹಳ್ಳಿಯವರು. ಗುಬ್ಬಿಯ ಆಸ್ಪತ್ರೆಯಲ್ಲಿ ನೋಡಿ, ತಲೆಯ ಸ್ಕ್ಯಾನ್ ಆಗಬೇಕು, ತಡ ಮಾಡಬೇಡಿ ಎಂದು ಇಲ್ಲಿಗೆ ಕಳಿಸಿದ್ದರು. ಡಾಕ್ಟರಮ್ಮ ಬೆರಳಿನ ಉಗುರನ್ನು ಪೆನ್ನಿನಿಂದ ಒತ್ತಿ ನೋಡಿದರು. ಎಡಗೈ ಸೆಳೆದುಕೊಂಡ. ಬಲಗೈ ಒದ್ದೆ ಬಟ್ಟೆಯ ಹಾಗೆ ಬಿದ್ದೇ ಇತ್ತು. ಕಣ್ಣಿನ ರೆಪ್ಪೆ ಎತ್ತಿ ಟಾರ್ಚ್ ಬಿಟ್ಟರು. ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದರು. ಬಿಪಿ ನೋಡಿದ ನರ್ಸು ನಂಬದೆ ಪಟ್ಟಿಯನ್ನು ಬಿಚ್ಚಿ ಇನ್ನೊಂದು ತೋಳಿಗೆ ಕಟ್ಟಿ ಮತ್ತೆ ನೋಡಿದಳು.

"ಇವರಿಗೆ ಬಿಪಿ ಇತ್ತಾ?" ಎಂದು ಡಾಕ್ಟರಮ್ಮ ಕೇಳಿದರು.

"ಕಲ್ಲಿನಂಗಿದ್ದ ಮನ್ಸ ಮೇಡಂ, ಒಂದು ಮಾತ್ರೆ ನುಂಗಿದೋನಲ್ಲ," ಎಂದ ಒದ್ದವನು. "ಅವ್ನು ಎರಡೂ ಕೈಲಿ ತಲೆ ಮೇಲೆ ಗುದ್ದಿದ್ನ ನಮ್ಮ ತೋಟದಿಂದ ನಾವೇ ಕಂಡ್ವಿ. ಬೋರ್‌ವೆಲ್ ನೀರಿನ ಸರದಿಗೆ ಜಗಳ. ಗುದ್ದಿದ, ಇವ್ನು ಬಿದ್ದ, ಬಾಯಲ್ಲಿ ರಕ್ತ ಬಂತು. ಇನ್ನೇನು ಬೇಕು?"

ಹೊಡೆದಾಟದ ಕೇಸು ಎಂದು ಬರೆದುಕೊಂಡು ಪೊಲೀಸಿಗೆ ಫೋನ್ ಮಾಡಿಸಿದರು. ಕತ್ತಿಗೆ ಗಟ್ಟಿ ಪಟ್ಟಿ ಹಾಕಿದರು. ತಲೆಯನ್ನು ಸವರಿ ಎಲ್ಲಿ ಗಾಯವಿದೆ ಎಂದು ಹುಡುಕುವುದು, ಇದ್ದರೆ ಕೂದಲು ತೆಗೆಯುವುದು ನನ್ನ ಕೆಲಸ. ಡಾಕ್ಟರಮ್ಮ ಮತ್ತು ನಾನು ಇಬ್ಬರೂ ಬೆರಳಾಡಿಸಿದೆವು. ಎಲ್ಲೂ ಉಬ್ಬಿರಲಿಲ್ಲ, ಎಲ್ಲೂ ತಗ್ಗಿರಲಿಲ್ಲ, ಸಿಪ್ಪೆ ಸುಲಿದಷ್ಟು ಗಾಯವೂ ಇರಲಿಲ್ಲ. ಅವರು ಮುಖ ಗಂಟಿಕ್ಕಿ, "ಸ್ಕ್ಯಾನ್‌ಗೆ ತಗೊಂಡು ಹೋಗಿ," ಎಂದರು.

ಕೊರಳಲ್ಲಿ ಬೆಳ್ಳಿಯ ಕರಡಿಗೆಯೊಳಗೆ ಲಿಂಗವಿತ್ತು. ತಲೆ, ಕತ್ತಿನ ಹತ್ತಿರ ಲೋಹ ಇದ್ದರೆ ಚಿತ್ರ ಕೆಡುತ್ತದೆ. ಲಿಂಗ ಮೈ ಬಿಟ್ಟು ದೂರ ಇರುವಂತಿಲ್ಲ. ಶಿವದಾರವನ್ನು ಉದ್ದ ಬಿಟ್ಟು ಹೊಟ್ಟೆಯ ಮೇಲಕ್ಕೆ ಇಳಿಸಿ ಬಟ್ಟೆ ಸುತ್ತಿ ಕಟ್ಟಿದೆ. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗೆ ಕಟ್ಟುವಾಗ ಅವನ ಹೆಂಡತಿಯನ್ನು ಮೊದಲ ಸಲ ನೋಡಿದೆ. ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಸೆರಗಿನ ಮೇಲೆ ಸಾರು ಚೆಲ್ಲಿದ ಕಲೆ. ಅವಳನ್ನು ಅಲ್ಲಿಯವರೆಗೆ ಯಾರೂ ಏನೂ ಕೇಳಿರಲಿಲ್ಲ. ಕೇಳುವುದು ಹೇಳುವುದು ಎಲ್ಲ ಗಂಡಸರ ನಡುವೆಯೇ ಮುಗಿದಿತ್ತು.

ಸ್ಕ್ಯಾನ್ ಮಾಡುವವನು ಗಾಜಿನ ಆಚೆ ಕೂರುತ್ತಾನೆ. ಮೇಜು ಒಳಗೆ ಸರಿಯುತ್ತದೆ, ಯಂತ್ರ ಗುಂಯ್ ಎಂದು ತಿರುಗುತ್ತದೆ, ತಲೆಯನ್ನು ಕಲ್ಲಂಗಡಿ ಹೋಳು ಮಾಡಿದ ಹಾಗೆ ಪದರ ಪದರವಾಗಿ ತೋರಿಸುತ್ತದೆ. ಮೂಳೆ ಬಿಳಿ ಬಳೆಯಂತೆ ಕಾಣುತ್ತದೆ, ಮೆದುಳು ಬೂದಿ ಬಣ್ಣ. ಹೊಸದಾಗಿ ಸೋರಿದ ರಕ್ತವೂ ಬಿಳಿಯಾಗಿಯೇ ಕಾಣುತ್ತದೆ. ಕೆಂಪು ಎಂದು ನಾವು ತಿಳಿದುಕೊಂಡದ್ದು ಅಲ್ಲಿ ಬಿಳಿ. ಆ ಮನುಷ್ಯನ ಎಡಭಾಗದಲ್ಲಿ, ತೀರಾ ಒಳಗೆ, ಮುಷ್ಟಿಯಷ್ಟು ಬಿಳಿ ಗೆಡ್ಡೆ ಕೂತಿತ್ತು. ಅದು ಒಡೆದು ಮೆದುಳಿನೊಳಗಿನ ನೀರಿನ ಕೋಣೆಗಳಿಗೂ ಹರಿದಿತ್ತು. ಸುತ್ತಲಿನ ಮೂಳೆಯ ಬಳೆ ಒಂದು ಕೂದಲೆಳೆಯಷ್ಟೂ ಬಿರಿದಿರಲಿಲ್ಲ.

ಮೆದುಳಿನ ಡಾಕ್ಟರು ಬಂದು ಪರದೆಯನ್ನು ಬಹಳ ಹೊತ್ತು ನೋಡಿದರು. "ಏಟು ಬಿದ್ದರೆ ಸಾಮಾನ್ಯವಾಗಿ ಮೂಳೆಯ ಕೆಳಗೆ, ಮೆದುಳಿನ ಮೇಲ್ಗಡೆ ರಕ್ತ ನಿಲ್ಲುತ್ತೆ," ಎಂದು ಡಾಕ್ಟರಮ್ಮನಿಗೆ ಹೇಳಿದರು. "ಇದು ಬಿಪಿ ಏರಿದವರಿಗೆ ಒಡೆಯುವ ಜಾಗ. ಆದರೆ ಬಿಪಿ ಇರಲಿಲ್ಲ ಅಂತಾರೆ. ತಲೆಯೊಳಗೆ ಒತ್ತಡ ಹೆಚ್ಚಾದಾಗಲೂ ಬಿಪಿ ಏರಿಬಿಡುತ್ತೆ. ಯಾವುದು ಮೊದಲು ಆಯ್ತು ಅಂತ ನೋಡಿದವರು ಯಾರಾದರೂ ಹೇಳಬೇಕು."

ಆಪರೇಷನ್ನಿನಿಂದ ಉಪಯೋಗವಿಲ್ಲ ಎಂದೂ ಅವರೇ ಹೇಳಿದರು. ಗಂಟಲಿಗೆ ನಳಿಗೆ ಇಳಿಸಿದರು, ಬಿಪಿ ಇಳಿಸುವ ಔಷಧಿಯನ್ನು ಪಂಪಿನಲ್ಲಿ ತೊಟ್ಟು ತೊಟ್ಟಾಗಿ ಬಿಟ್ಟರು. ನನ್ನನ್ನು ಅವನ ಪಕ್ಕದಲ್ಲಿ ನಿಲ್ಲಿಸಿ, "ಕದಲಬೇಡಿ, ನಳಿಗೆಗೆ ಕೈ ಹಾಕದಂತೆ ನೋಡಿಕೊಳ್ಳಿ," ಎಂದರು.

ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಹೆಂಡತಿಯ ತವರಿನಿಂದ, ಕುಣಿಗಲ್ ಕಡೆಯಿಂದ, ಅವಳ ಅಣ್ಣ ಬಂದಿದ್ದ. ನಾನು ಅವನನ್ನು ಕುಣಿಗಲ್ಲಿನವನು ಎಂದೇ ಬರೆಯುತ್ತೇನೆ. ಕಿಟಕಿಯಿಂದ ಅಂಗಳ ಪೂರ್ತಿ ಕಾಣುತ್ತಿತ್ತು. ಆಸ್ಪತ್ರೆಗೆ ಹೊಸ ಕಟ್ಟಡ ಏಳುತ್ತಿದ್ದರಿಂದ ಅಲ್ಲಿ ಸಿಮೆಂಟ್ ಇಟ್ಟಿಗೆಗಳನ್ನು ಪೇರಿಸಿದ್ದರು. ತಮ್ಮನನ್ನು ಅದರ ಪಕ್ಕದ ಕಂಬಕ್ಕೆ ಒರಗಿಸಿ ಕೂರಿಸಿದ್ದರು. ಕುಣಿಗಲ್ಲಿನವನು ಯಾರನ್ನೂ ಮಾತಾಡಿಸಲಿಲ್ಲ. ನೇರವಾಗಿ ಹೋಗಿ ಅವನ ಕೂದಲು ಹಿಡಿದು ಮುಖವನ್ನು ಎತ್ತಿದ.

"ನನ್ ತಂಗಿ ತಾಳಿ ಕಿತ್ತಲ್ಲೋ, ಬೋಳಿಮಗ್ನೆ."

"ಭಾವ, ನಾನು—" ಎಂದ ತಮ್ಮ. ಅಷ್ಟೇ. ಕುಣಿಗಲ್ಲಿನವನು ಕೂದಲು ಬಿಟ್ಟು ರಾಶಿಯ ಕಡೆ ಸರಿದು, ಬಗ್ಗಿ ಒಂದು ಅರ್ಧ ಇಟ್ಟಿಗೆ ತೆಗೆದು ಕಿವಿಯ ಮೇಲ್ಭಾಗಕ್ಕೆ ಎಸೆದ. ಎರಡು ಹೆಜ್ಜೆ ದೂರದಿಂದ. ಸುಲಿದ ತೆಂಗಿನಕಾಯಿಯನ್ನು ಕಲ್ಲಿಗೆ ಬಡಿದ ಸದ್ದು ಕಿಟಕಿಯ ಒಳಗಿದ್ದ ನನಗೂ ಕೇಳಿಸಿತು. ತಮ್ಮ ಪಕ್ಕಕ್ಕೆ ವಾಲಿ ಬಿದ್ದ. ಆಮೇಲೆ ಎಲ್ಲರೂ ಸೇರಿಕೊಂಡರು. ಕಾಲಲ್ಲಿ, ಬೆಲ್ಟಿನಲ್ಲಿ, ಒಬ್ಬ ಹೆಲ್ಮೆಟ್ಟಿನಲ್ಲಿ. ಬಿಡಿಸಲು ಹೋದ ಕಾವಲಿನವನ ಅಂಗಿ ಹರಿಯಿತು, ಅವನ ತುಟಿ ಒಡೆಯಿತು. ತುರ್ತು ವಿಭಾಗದ ಬಾಗಿಲಿನ ಗಾಜಿಗೆ ಯಾರೋ ಇನ್ನೊಂದು ಇಟ್ಟಿಗೆ ಹೊಡೆದರು, ಗಾಜು ಕಾಳಿನಂತೆ ಉದುರಿತು. ಗಾಜು ಒಡೆದ ಸದ್ದಿಗೆ ಅವರೇ ಬೆದರಿ ಹಿಂದೆ ಸರಿದರು.

ಸ್ವಲ್ಪ ಹೊತ್ತಿಗೆ ತಮ್ಮ ಕಣ್ಣು ಬಿಟ್ಟ. ತಾನೇ ಎದ್ದು ಕೂತ. ಕಾವಲಿನವನು ಹಗ್ಗ ಬಿಚ್ಚಿ, ಒಳಗಿನ ಮೊಗಸಾಲೆಗೆ ತಂದು ಬೆಂಚಿನ ಮೇಲೆ ಕೂರಿಸಿದ. ಡಾಕ್ಟರಮ್ಮ ಹೋಗಿ ಹೆಸರು, ಊರು ಕೇಳಿದರು. ಸರಿಯಾಗಿ ಹೇಳಿದ. ಕಿವಿಯ ಮೇಲಿನ ಗಾಯಕ್ಕೆ ಬಟ್ಟೆ ಒತ್ತಿ ಕಟ್ಟಿ, "ಇವನಿಗೂ ಸ್ಕ್ಯಾನ್ ಮಾಡೋಣ, ಕಣ್ಣಿಟ್ಟಿರಿ," ಎಂದು ನರ್ಸಿಗೆ ಹೇಳುತ್ತಿರುವಾಗಲೇ ಅಣ್ಣನ ಹಾಸಿಗೆಯ ಯಂತ್ರ ಕೂಗಿಕೊಂಡಿತು. ಎಲ್ಲರೂ ಅಲ್ಲಿಗೆ ಓಡಿದರು. ಉಸಿರು ತಪ್ಪಿದವನನ್ನು ಮತ್ತೆ ದಾರಿಗೆ ತರುವುದರಲ್ಲಿ ಬೆಂಚಿನ ಮೇಲಿದ್ದವನನ್ನು ಎಲ್ಲರೂ ಮರೆತರು.

ಕಫ ಎಳೆದ ಬಟ್ಟಲನ್ನು ತೊಳೆಯಲು ಮೊಗಸಾಲೆ ದಾಟಿ ಹೋಗುತ್ತಿದ್ದೆ. ತಮ್ಮ ನೀರು ಕೇಳಿದ. ಲೋಟ ಕೊಟ್ಟೆ. ಒಂದು ಗುಟುಕು ಕುಡಿದ.

"ಅಕ್ಕಾ, ಅಣ್ಣಂಗೆ ಕೆಮ್ಮು ನಿಲ್ತಾ?" ಎಂದ.

"ಯಾವ ಕೆಮ್ಮು?"

"ಮುದ್ದೆ ನೆತ್ತಿಗತ್ತಿ..." ಎಂದವನು ಮುಂದಿನ ಮಾತನ್ನು ಮುಗಿಸಲಿಲ್ಲ. ಕುಡಿದ ನೀರನ್ನು ನನ್ನ ಕಾಲಿನ ಮೇಲೆ ವಾಂತಿ ಮಾಡಿದ. ಆಮೇಲೆ ಗೋಡೆಗೆ ತಲೆ ಕೊಟ್ಟು ಕಣ್ಣು ಮುಚ್ಚಿದ.

ಒಡೆದ ಬಾಗಿಲಿನ ಆಚೆ ನಿಂತಿದ್ದವರಲ್ಲಿ ಒಬ್ಬ, "ನಾಟ್ಕ ಶುರು ಹಚ್ಕಂಡ ನೋಡ್ಲಾ, ಪೊಲೀಸ್ನೋರು ಬರೋ ಟೈಮಾಯ್ತಲ್ಲ," ಎಂದ. ಇನ್ನೊಬ್ಬ, "ಮಲಗ್ಲಿ ಬುಡು, ಜೈಲಲ್ಲಿ ಸೊಳ್ಳೆ ಜಾಸ್ತಿ," ಎಂದು ನಕ್ಕ.

ನನಗೆ ಆಗ ರೋಗದ ವಿಚಾರ ಏನೂ ಹೊಳೆಯಲಿಲ್ಲ. ನನ್ನ ಮನಸ್ಸು ಹಿಡಿದುಕೊಂಡದ್ದು ಕೆಮ್ಮನ್ನು. ಅಣ್ಣನ ತಲೆ ಒಡೆದವನು ಅಣ್ಣನ ಕೆಮ್ಮು ನಿಂತಿತೇ ಎಂದು ಏಕೆ ಕೇಳುತ್ತಾನೆ? ಹಾಸಿಗೆ ಬಿಟ್ಟು ಕದಲಬೇಡ ಎಂದು ಅಪ್ಪಣೆಯಾಗಿತ್ತು. ಆದರೂ ಬಟ್ಟಲನ್ನು ತೊಟ್ಟಿಯಲ್ಲಿಟ್ಟು ನಾನು ಅಣ್ಣನ ಹೆಂಡತಿಯ ಹತ್ತಿರ ಹೋದೆ. ಅವಳು ಇನ್ನೂ ಅದೇ ಗೋಡೆಗೆ ಒರಗಿ ನಿಂತಿದ್ದಳು.

"ಊಟದ ಹೊತ್ತಲ್ಲಿ ನೀವಿದ್ರೇನವ್ವ?" ಎಂದೆ.

"ನಾನೇ ಬುತ್ತಿ ತಗಂಡೋಗಿದ್ದು," ಎಂದಳು. ಮತ್ತೆ ಕೇಳುವ ಮೊದಲೇ ಅವಳ ಬಾಯಿಂದ ಎಲ್ಲ ಬಂದುಬಿಟ್ಟಿತು, ಸಣ್ಣ ದನಿಯಲ್ಲಿ, ನನ್ನನ್ನು ನೋಡದೆ. "ಬೆಳಿಗ್ಗೆಯಿಂದ ತಲೆ ಸಿಡೀತೈತೆ ಅಂತಿದ್ರು. ಪಂಪ್‌ಸೆಟ್ ತಾವ ಉಣ್ಣಾಕೆ ಕೂತ್ರು. ಮೈದ್ನ ಬಂದು ನೀರಿಗೆ ಕೂಗಾಡ್ದ, ಇವ್ರೂ ಉಣ್ತಾನೇ ಕೂಗಾಡಿದ್ರು. ಮುದ್ದೆ ಮುರಿಯಾಕೆ ಹೋದ್ರೆ ಕೈ ಬರ್ತಿರ್ನಿಲ್ಲ ಕಣಕ್ಕ. ತುತ್ತು ಕೈಯಿಂದ ಜಾರಿ ಜಾರಿ ತಟ್ಟೆಗೆ ಬೀಳ್ತಿತ್ತು. ಎಡಗೈಲಿ ಎತ್ತಿ ಬಾಯಿಗಿಟ್ಕಂಡ್ರು. ಸಾರು ಒಂದು ಕಡೆಯಿಂದ ಸುರೀತು. ಕೆಮ್ಮು ಬಂತು, ಕಣ್ಣು ಮೇಲಾಯ್ತು. ಇವ್ನು ಬೈತಿದ್ದೋನು ಓಡಿ ಬಂದು ನೆತ್ತಿ ತಟ್ದ. ಅಣ್ಣಯ್ಯ ಉಸುರು ಬುಡು, ಉಸುರು ಬುಡು ಅಂತ ತಟ್ದ. ಜೋರಾಗಿ ತಟ್ದ. ಇವ್ರು ನಾಲಿಗೆ ಕಚ್ಕಂಡು ಒದ್ದಾಡಿ ಬಿದ್ರು, ಬಾಯಲ್ಲಿ ರಕ್ತ ಬಂತು."

ನಿಮಗೂ ಗೊತ್ತು, ನಮ್ಮಲ್ಲಿ ಉಣ್ಣುವಾಗ ನೆತ್ತಿಗೆ ಹತ್ತಿದರೆ ಪಕ್ಕದಲ್ಲಿದ್ದವರು ಅಂಗೈಯಿಂದ ನೆತ್ತಿಯನ್ನು ತಟ್ಟುತ್ತೇವೆ. ನಿಮ್ಮ ನೆತ್ತಿಗಳನ್ನು ನಾನೇ ಎಷ್ಟು ಸಲ ತಟ್ಟಿಲ್ಲ. ಕೂಗಾಡುತ್ತಿದ್ದ ದನಿಯನ್ನು ಕೇಳಿ ಪಕ್ಕದ ತೋಟದಿಂದ ತಿರುಗಿ ನೋಡಿದವರಿಗೆ ಕಂಡದ್ದು ಇಷ್ಟೇ: ಕೂತವನ ತಲೆಯ ಮೇಲೆ ನಿಂತವನ ಕೈ ಏರಿ ಇಳಿಯುವುದು, ಕೂತವನು ಉರುಳುವುದು.

"ಇದನ್ನ ಯಾರಿಗೂ ಹೇಳ್ಲಿಲ್ವಾ?" ಎಂದೆ.

"ಯಾರು ಕೇಳಿದ್ರಕ್ಕ? ಅದೂ ಅಲ್ದೆ ಅವ್ನು ಜೋರಾಗಿ ತಟ್ಟಿದ್ಕೇ ಹಿಂಗಾಯ್ತೇನೋ ಅಂತ ನಂಗೂ..." ಎಂದು ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. "ಮಾತ್ರೆ ಕೊಟ್ಟಿದ್ರು, ಬಿಪಿಗೆ. ಚೆನ್ನಾಗವ್ನಿ ಅಂತ ಬಿಟ್ಬುಟ್ರು. ಕಲ್ಲಿನಂತೋನು ಅಂತ ಜನದ ತಾವ ಅನ್ನಿಸ್ಕಬೇಕಲ್ಲ."

ಡಾಕ್ಟರ ಮುಂದೆ ನಾನಾಗಿ ಬಾಯಿ ತೆರೆದವಳಲ್ಲ. ಅವಳ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ಮೆದುಳಿನ ಡಾಕ್ಟರ ಎದುರಿಗೆ ನಿಲ್ಲಿಸಿ, "ಇವ್ರು ನೋಡಿದಾರೆ ಸಾರ್. ಹೊರಗೆ ಕೂತಿರೋನು ವಾಂತಿ ಮಾಡಿ ಮಲಗ್‌ಬಿಟ್ಟ," ಎಂದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

ಅವಳು ಹೇಳಿದ್ದನ್ನು ಅವರು ನಿಂತು ಕೇಳಿದರು. ಬಲಗೈ ಬರಲಿಲ್ಲ ಎಂದಾಗ ತಲೆಯಾಡಿಸಿದರು. "ತಟ್ಟಿದ್ದರಿಂದ ಆದದ್ದಲ್ಲಮ್ಮ. ಅವನು ತಟ್ಟುವ ಹೊತ್ತಿಗೆ ಒಳಗೆ ರಕ್ತನಾಳ ಒಡೆದಾಗಿತ್ತು. ಅದಕ್ಕೇ ಕೈ ಬಿದ್ದುಹೋಯ್ತು, ಅದಕ್ಕೇ ನುಂಗೋಕಾಗಲಿಲ್ಲ," ಎಂದರು. ಆಮೇಲೆ ನಾನು ಹೇಳಿದ ಎರಡನೆಯ ಮಾತು ನೆನಪಾದದ್ದೇ ಹೊರಗೆ ಓಡಿದರು.

ಬೆಂಚಿನ ಮೇಲೆ ತಮ್ಮನ ಗೊರಕೆ ಕೇಳುತ್ತಿತ್ತು. ಡಾಕ್ಟರು ಎದೆಯ ಮೂಳೆಯನ್ನು ಗೆಣ್ಣಿನಿಂದ ಉಜ್ಜಿದರು. ಮುಲುಗಿದ, ಕಣ್ಣು ಬಿಡಲಿಲ್ಲ. ರೆಪ್ಪೆ ಎತ್ತಿ ಟಾರ್ಚ್ ಬಿಟ್ಟರು. ಒಂದು ಕಣ್ಣಿನ ಪಾಪೆ ಸಣ್ಣಗಾಯಿತು. ಇಟ್ಟಿಗೆ ಬಿದ್ದ ಕಡೆಯದು ಅಗಲವಾಗಿ, ಬೆಳಕಿಗೆ ಕದಲದೆ ನಿಂತಿತ್ತು. ಸ್ಟ್ರೆಚರ್ ತರಿಸಿ ನಾವೇ ತಳ್ಳಿಕೊಂಡು ಓಡಿದೆವು.

ಸ್ಕ್ಯಾನಿನಲ್ಲಿ ಈ ಸಲ ಮೂಳೆಯಲ್ಲಿ ಬಿರುಕಿನ ಗೆರೆ ಕಂಡಿತು. ಅದರ ಕೆಳಗೆ, ಮೂಳೆಗೆ ಅಂಟಿಕೊಂಡು, ಹಿತುಕಿದ ಅವರೆಬೇಳೆಯ ಆಕಾರದಲ್ಲಿ ಉಬ್ಬಿದ ಬಿಳಿ. ಅದು ಮೆದುಳನ್ನು ಆಚೆ ಬದಿಗೆ ನೂಕಿತ್ತು. ಮೂಳೆ ಬಿರಿದಾಗ ಅದರ ಒಳಮೈಯಲ್ಲಿ ಸಾಗುವ ರಕ್ತನಾಳ ಕಿತ್ತುಹೋಗುತ್ತದೆಯಂತೆ. ಮೊದಲು ಎದ್ದು ಕೂತು ಮಾತಾಡುತ್ತಾರೆ. ರಕ್ತ ತುಂಬುತ್ತಾ ಹೋದಂತೆ ನಿದ್ದೆಗೆ ಜಾರುತ್ತಾರೆ. "ಇದನ್ನ ಈಗಲೇ ತೆಗೆದರೆ ಬದುಕುತ್ತಾನೆ. ಕಾಯ್ದರೆ ಇಲ್ಲ," ಎಂದರು ಡಾಕ್ಟರು.

ಆಪರೇಷನ್ ಕೋಣೆಗೆ ಹೋಗುವ ದಾರಿಯಲ್ಲಿ ಅವರೆಲ್ಲ ಅಡ್ಡ ನಿಂತಿದ್ದರು. ಕುಣಿಗಲ್ಲಿನವನು ಸ್ಟ್ರೆಚರಿನ ಮುಂದಿನ ಕಂಬಿ ಹಿಡಿದ.

"ನಮ್ಮೋರಿಗೆ ಆಪರೇಶನ್ ಇಲ್ಲ ಅಂದ್ರಿ. ಈ ಕೊಲೆಗಡುಕಂಗೆ ಐತಾ?"

"ಕೈ ಬಿಡಿ," ಎಂದರು ಡಾಕ್ಟರು.

"ಮೊದ್ಲು ನಮ್ಮ ಭಾವುನ್ನ ಒಳಕ್ಕೆ ತಗಳಿ. ಆಮೇಲೆ ಇವನ್ನ ತಿಪ್ಪೆಗಾದ್ರೂ ತಗೊಂಡೋಗಿ."

ಅವನು ಎಳೆದ. ನಾನು ಹಿಂದಿನ ಕಂಬಿಯನ್ನು ಬಿಡಲಿಲ್ಲ. ಯಾರೋ ನನ್ನ ಭುಜಕ್ಕೆ ನೂಕಿ ಗೋಡೆಗೆ ಬಡಿಸಿದರು. ಗಾಲಿ ತಿರುಗಿ ಸ್ಟ್ರೆಚರ್ ವಾಲಿತು. ತಮ್ಮನ ಒಂದು ಕಾಲು ಜಾರಿ ನೆಲಕ್ಕೆ ತಾಗಿತು. ಗಂಡಸರು ಒಬ್ಬರ ಮೇಲೊಬ್ಬರು ಕೂಗುತ್ತಿದ್ದರು. ಆಗ ನನ್ನ ಹಿಂದಿನಿಂದ ಹೆಂಡತಿ ಬಂದಳು. ಕುಣಿಗಲ್ಲಿನವನ ಕೆನ್ನೆಗೆ ಹೊಡೆದಳು. ಅವನ ಕೈ ಕಂಬಿಯಿಂದ ಕಳಚಿತು.

"ಅವ್ನು ಹೊಡೀಲಿಲ್ಲ," ಎಂದಳು. "ಊಟ ನೆತ್ತಿಗತ್ತಿತ್ತು, ತಟ್ದ. ನಾನು ಅಲ್ಲೇ ಇದ್ದೆ. ನಿಮ್ಮಲ್ಲಿ ಒಬ್ಬನಾದ್ರೂ ನನ್ ಕೇಳಿದ್ನಾ?"

ಕೂಗು ನಿಂತಿತು. ಒದ್ದವನು ನೆಲ ನೋಡಿದ. ಕುಣಿಗಲ್ಲಿನವನು ಕೆನ್ನೆ ಹಿಡಿದುಕೊಂಡು, "ಮತ್ತೆ ಆವಾಗ್ಲೇ ಯಾಕೆ ಬೊಗಳಲಿಲ್ಲ?" ಎಂದ. ಅವಳು ಬಗ್ಗಿ ತಮ್ಮನ ಜಾರಿದ ಕಾಲನ್ನು ಎತ್ತಿ ಸ್ಟ್ರೆಚರಿನ ಮೇಲಿಟ್ಟಳು. ಇವನ ಕಡೆಯವರು ಯಾರು, ಆಪರೇಷನ್ನಿಗೆ ಒಪ್ಪಿಗೆ ಕೊಡುವವರು ಯಾರು ಎಂದು ಡಾಕ್ಟರಮ್ಮ ಕೇಳಿದರು. ತಮ್ಮನಿಗೆ ಮದುವೆಯಾಗಿರಲಿಲ್ಲ.

"ನಾನಿವ್ನಿ, ಅತ್ತಿಗೆ," ಎಂದಳು.

ಒಳಗೆ ನಾನು ಕೂದಲು ತೆಗೆದೆ. ಬ್ಲೇಡು ಜಾರಬಾರದು ಎಂದು ಮೊಣಕೈಯನ್ನು ಮೇಜಿಗೆ ಊರಿಕೊಂಡೆ. ಕಂದು ಬಣ್ಣದ ಔಷಧಿ ಬಳಿದರು, ಚರ್ಮವನ್ನು ಬಿಡಿಸಿದರು. ಮೂಳೆಗೆ ರಂಧ್ರ ಕೊರೆಯುವ ಯಂತ್ರದ ಸದ್ದು ಬೋರ್ ಕೊರೆಯುವ ಲಾರಿಯ ಸದ್ದನ್ನೇ ಸಣ್ಣದು ಮಾಡಿದಂತಿತ್ತು, ಹೊಗೆಯ ಬದಲು ಸುಟ್ಟ ಉಗುರಿನ ವಾಸನೆ. ಮೂಳೆಯ ಮುಚ್ಚಳ ಎತ್ತಿದಾಗ ಕಪ್ಪು ಕೆಂಪಿನ ಹೆಪ್ಪು ತಾನಾಗಿ ಮೇಲಕ್ಕೆ ಉಬ್ಬಿ ಬಂತು. ಅದನ್ನು ತೊಳೆದು ತೆಗೆದು, ಹರಿದ ನಾಳವನ್ನು ಸುಟ್ಟು ಮುಚ್ಚಿದರು. ಕುಗ್ಗಿದ್ದ ಮೆದುಳು ಮೆಲ್ಲಗೆ ಮೇಲೇರಿ ಮಿಡಿಯತೊಡಗಿತು. ಮುಚ್ಚಳವನ್ನು ಮೊದಲಿದ್ದ ಜಾಗಕ್ಕೇ ಕೂರಿಸಿದರು. ಬಟ್ಟೆ ಕಟ್ಟುವ ಮುನ್ನ ಡಾಕ್ಟರು ಅವನ ರೆಪ್ಪೆ ಎತ್ತಿ ನೋಡಿದರು, ಅವರ ಬಿಗಿದ ಹೆಗಲು ಇಳಿದದ್ದು ನನಗೆ ಕಂಡಿತು. ಪಾಪೆ ಚಿಕ್ಕದಾಗಿತ್ತು.

ಅಣ್ಣ ಕೆಲವು ದಿನ ಯಂತ್ರದ ಉಸಿರಿನಲ್ಲಿದ್ದು ತೀರಿಕೊಂಡ. ಸಾವಿನ ಕಾರಣವನ್ನು ಬರೆಯುವಾಗ ಊರಿನ ಹಿರಿಯರೊಬ್ಬರು ಬಂದು, ಏಟಿನಿಂದ ಎಂದೇ ಇರಲಿ, ಕೇಸು ಆಗಲೇ ಹಾಗೆ ಹೋಗಿದೆ, ತಿರುಗಿ ಬದಲಾಯಿಸುವುದು ಎಲ್ಲರಿಗೂ ಮುಜುಗರ ಎಂದು ಕೇಳಿಕೊಂಡರಂತೆ. ಡಾಕ್ಟರು ಪರದೆಯ ಮೇಲೆ ಸ್ಕ್ಯಾನ್ ಹಾಕಿ, ಬಿರಿಯದ ಮೂಳೆಯನ್ನು ಬೆರಳಿನಿಂದ ಸುತ್ತಲೂ ತೋರಿಸಿ, ಬಿಪಿಯಿಂದ ಒಡೆದ ರಕ್ತನಾಳ ಎಂದು ಬರೆದರು.

ತಮ್ಮ ವಾರ್ಡಿಗೆ ಬಂದ. ಮಾತು ಸರಿಯಾಗಿತ್ತು, ನಡೆಯುವಾಗ ಸ್ವಲ್ಪ ತೂಗಾಡುತ್ತಿದ್ದ. ಅಣ್ಣ ಹೋದದ್ದನ್ನು ಅತ್ತಿಗೆಯೇ ಹೇಳಿದಳು. ಅಣ್ಣನ ಕಾರ್ಯ ಮುಗಿಸಿ ಬಂದು ಅವಳು ಅವನ ಹಾಸಿಗೆಯ ಪಕ್ಕದಲ್ಲಿ ನೆಲದ ಮೇಲೆ ಚಾಪೆ ಹಾಕಿಕೊಂಡು ಇರುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಕುಣಿಗಲ್ಲಿನ ಅಣ್ಣನ ಮನೆ ಬಿಟ್ಟರೆ ಬೇರೆ ತವರಿರಲಿಲ್ಲ. ಆ ಅಣ್ಣ ದಿನವೂ ಬಂದು ವಾರ್ಡಿನ ಬಾಗಿಲಿನ ಹೊರಗೆ ನಿಂತು ಹೋಗುತ್ತಿದ್ದ. ಒಳಗೆ ಬರುತ್ತಿರಲಿಲ್ಲ.

ಒಂದು ದಿನ ನಾನು ಹಾಸಿಗೆಯ ಬಟ್ಟೆ ಬದಲಾಯಿಸುತ್ತಿದ್ದಾಗ ಪೊಲೀಸಿನವನು ಹೇಳಿಕೆ ತೆಗೆದುಕೊಳ್ಳಲು ಬಂದ. ಬಾಗಿಲಿನ ಹೊರಗೆ ಕುಣಿಗಲ್ಲಿನವನು ನಿಂತಿದ್ದ.

"ತಲೆಗೆ ಹೆಂಗಪ್ಪ ಆಯ್ತು?"

ತಮ್ಮ ಅತ್ತಿಗೆಯನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದ. "ಇಟ್ಟಿಗೆ ರಾಶಿ ಮೇಲೆ ಬಿದ್ದೆ ಸಾರ್. ಕಾಲು ಜಾರ್ತು."

"ಕೈ ಕಟ್ಟಿದ್ರಂತಲ್ಲ?"

"ಅದ್ಕೇ ಬಿದ್ದೆ."

ಪೊಲೀಸಿನವನು ನನ್ನ ಕಡೆ ತಿರುಗಿದ. "ನೀನೇನಮ್ಮ, ಕಿಟಕಿ ತಾವಿದ್ದೆ ಅಂದ್ರು."

ನನ್ನ ಕೈಯಲ್ಲಿ ಅರ್ಧ ಮಡಿಸಿದ ದುಪ್ಪಟಿ ಇತ್ತು. ಅದನ್ನು ನೋಡುತ್ತಲೇ, "ಬೀಳಲಿಲ್ಲ ಸಾರ್. ಇಟ್ಟಿಗೆಯಲ್ಲಿ ಹೊಡೆದರು," ಎಂದೆ.

"ಯಾರು?"

ಹೇಳಿದರೆ ಅತ್ತಿಗೆಯ ತವರು ಹೋಗುತ್ತದೆ. ಆದರೂ ಹೇಳಬೇಕೆಂದು ದುಪ್ಪಟಿ ಕೆಳಗಿಟ್ಟೆ. ಅಷ್ಟರಲ್ಲಿ ಅವಳು ಚಾಪೆಯಿಂದ ಎದ್ದಳು.

"ಬ್ಯಾಡ ಕಣತ್ತಿಗೆ, ಸುಮ್ಕಿರು," ಎಂದ ತಮ್ಮ.

ಅವಳು ಬಾಗಿಲ ಕಡೆ ಕೈ ತೋರಿಸಿದಳು. "ಅಲ್ಲಿ ನಿಂತವ್ನಲ್ಲ, ನಮ್ಮಣ್ಣ. ನನ್ ಗಂಡ ಯಾಕೆ ಸತ್ರು ಅಂತ ಡಾಕ್ಟ್ರು ನಿಜ ಬರೆದ್ರು. ಇದ್ನೂ ನಿಜಾನೇ ಬರ್ಕಳಿ."